ಒಂಬತ್ತನೇ ತೋಟೆ

ಚಳಿ ಶುರುವಾಗುತ್ತಿದ್ದ ದಿನಗಳು. ಅಂಗಳದ ತುಂಬ ಮುಸುಕಿನ ಜೋಳದ ತೆನೆ ಹರವಿತ್ತು. ಬಿಸಿಲು ಇನ್ನೂ ಗೋಡೆಯ ಅರ್ಧಕ್ಕೂ ಇಳಿದಿರಲಿಲ್ಲ. ಆಗಲೇ ಗಂಡ ಹೆಂಡತಿ ಎದುರುಬದುರು ಕೂತು ತೆನೆಗೆ ತೆನೆ ಉಜ್ಜಿ ಕಾಳು ಉದುರಿಸುತ್ತಿದ್ದರು. ಹೆಬ್ಬೆರಳ ಬುಡ ಕೆಂಪಾದಾಗ ಅವನು ಕೈ ಬದಲಿಸುತ್ತಿದ್ದ. ಹೆಂಡತಿ ಬದಲಿಸುತ್ತಿರಲಿಲ್ಲ.

ಊರಿನವರು ಅವನನ್ನು ದಫ್ತರ ಎಂದು ಕರೆಯುತ್ತಿದ್ದರು. ಮೊದಲ ಮಳೆ ಯಾವತ್ತು ಬಿತ್ತು, ಹಸು ಯಾವತ್ತು ಗಬ್ಬವಾಯಿತು, ಪಕ್ಕದ ಮನೆಯವನು ಏಣಿ ಯಾವತ್ತು ಒಯ್ದ, ಎಲ್ಲವನ್ನೂ ಅವನು ಬರೆದಿಡುತ್ತಿದ್ದ. ಏನಾದರೂ ತಕರಾರು ಬಂದರೆ, "ದಫ್ತರ ತೆಗೆಸ್ರೋ" ಎಂದು ಜನ ಅವನ ಬಾಗಿಲಿಗೇ ಬರುತ್ತಿದ್ದರು. ಅವನು ಒಳಗೆ ಹೋಗಿ ನೋಟುಪುಸ್ತಕ ತಂದು ಓದಿದ ಮೇಲೆ ಮಾತು ಮುಗಿಯುತ್ತಿತ್ತು.

ಬೈಕಿನ ಸದ್ದಾಯಿತು. ಬಂದವನು ಅವನ ತಂಗಿಯ ಗಂಡ; ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು. ಪಂಪುಸೆಟ್ಟು ರಿಪೇರಿ ಮಾಡುವವನಾದ್ದರಿಂದ ಅವನ ಅಂಗಿಯ ತೋಳಿಗೆ ಸದಾ ಗ್ರೀಸು. ಇವತ್ತು ಮಾತ್ರ ಇಸ್ತ್ರಿ ಮಾಡಿದ ಬಿಳಿ ಅಂಗಿ. ಜೇಬಿನಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ಎತ್ತಿ ತೋರಿಸಿದ.

"ಬಂತು ಭಾವ, ಲೈಸೆನ್ಸು! ಹನ್ನೊಂದು ತಿಂಗಳು ಅಲೆಸಿದ್ರು. ಇಷ್ಟು ದಿನದಲ್ಲಿ ಒಂದು ಮಗು ಹುಟ್ಟಿ ಹಲ್ಲು ಬರ್ತಿತ್ತು."

"ನೀವು ಆವತ್ತೇ ತಗೊಂಡು ಹೋಗ್ತೀನಿ ಅಂದವರಲ್ವಾ," ಎಂದ ದಫ್ತರ ತೆನೆಯಿಂದ ಕಣ್ಣೆತ್ತದೆ.

"ಅಂದೆ. ಕಾಗದ ಇಲ್ಲದೆ ಮುಟ್ಟೋಕೂ ಕೊಡಲ್ಲ ಅಂದ್ರಿ. ತಂಗಿಯನ್ನ ಕೊಡುವಾಗ ಇಷ್ಟು ವಿಚಾರಿಸಲಿಲ್ಲ, ಬಂದೂಕು ಕೊಡೋಕೆ ಇಷ್ಟು ಕಾಗದ ಕೇಳ್ತೀರಲ್ಲ!"

ಹೆಂಡತಿ ನಕ್ಕಳು. "ಕಣ್ಣು ಮಂಜಾಯ್ತು, ಅದಕ್ಕೇ ಮಾರ್ತೀನಿ ಅಂತಾರೆ ಇವರು. ಕಾಳಲ್ಲಿ ಕಲ್ಲಿದ್ರೆ ನನಗಿಂತ ಮೊದಲು ಇವರಿಗೇ ಕಾಣತ್ತೆ. ಯಾವ ಮಂಜೋ!"

ದಫ್ತರ ಎದ್ದು ಮಡಿಲಿನ ಕಾಳು ಕೊಡವಿಕೊಂಡು ಒಳಗೆ ಹೋದ.

ಅಪ್ಪನ ಕಾಲದ ಒಂಟಿನಳಿಗೆಯ ಬಂದೂಕು ಅದು. ಬೀಗ ಹಾಕಿದ ಕಪಾಟಿನಿಂದ ತೆಗೆದು, ಮಡಿಚಿ, ನಳಿಗೆಯನ್ನು ಬೆಳಕಿನತ್ತ ಹಿಡಿದು ನೋಡಿದ. ಖಾಲಿ. ಕಿರುಬೆರಳು ತೂರಿಸಿ ಇನ್ನೊಮ್ಮೆ ಖಚಿತ ಮಾಡಿಕೊಂಡ. ಕಣ್ಣಿಗೆ ಪೂರ್ತಿ ಕಾಣದ್ದರ ಮೇಲೆ ಬೆರಳು ಇಡಬೇಡ ಎಂದು ಅಪ್ಪ ಅವನಿಗೆ ಹೇಳಿಕೊಟ್ಟಿದ್ದ. ಹದಿನಾರನೇ ವಯಸ್ಸಿನಿಂದ ಐವತ್ತೆಂಟರವರೆಗೆ ಅವನು ಅದನ್ನು ನಡೆಸಿಕೊಂಡು ಬಂದಿದ್ದ. ಒಂದು ಸಂಜೆ ಬಿಟ್ಟು.

ಆ ಸಂಜೆ ಹಂದಿ ಹಿಂಡು ಮೂರು ದಿನದಿಂದ ಹೊಲದ ಬೆಳೆ ಉರುಳಿಸುತ್ತಿತ್ತು. ಅವನಿಗೆ ನಿದ್ದೆ ಇರಲಿಲ್ಲ, ಸಿಟ್ಟಿತ್ತು. ಕೆಳಗಿನ ಹೊಲದ ಬದುವಿನಲ್ಲಿ ಜೋಳದ ದಂಟು ಅಲ್ಲಾಡಿತು. ಕೂಗಿ ನೋಡಬೇಕಿತ್ತು, ಕೂಗಲಿಲ್ಲ. ಹತ್ತು ಹೆಜ್ಜೆ ಹತ್ತಿರ ಹೋಗಬೇಕಿತ್ತು, ಹೋಗಲಿಲ್ಲ. ಗುಂಡು ಹಾರಿದ ಮೇಲೆ ಹೋದ. ಹಗ್ಗ ಬಿಚ್ಚಿಕೊಂಡು ಬಂದಿದ್ದ ಕೆಂದು ಬಣ್ಣದ ಕಡಸು ಅಡ್ಡ ಬಿದ್ದಿತ್ತು. ತಾಯಿ ಸತ್ತ ಕರುವೆಂದು ತಂಗಿ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು ಅದು. ಅದರ ಕೊರಳ ಗಂಟೆಯ ನಾಲಿಗೆಗೆ ಹುಲ್ಲು ಸಿಕ್ಕಿಕೊಂಡಿತ್ತು.

ಮಾರನೇ ಬೆಳಿಗ್ಗೆ ತಂಗಿ ಅಳುತ್ತ ಬಂದಳು. ಅವನೂ ಹುಡುಕಲು ಹೋದ. ಸಿಕ್ಕಿದಾಗ, "ಯಾರೋ ಹೊರಗಿನವರು" ಎಂದು ಮೊದಲು ಹೇಳಿದವನೂ ಅವನೇ. ಸುಗ್ಗಿಯ ಸಂಜೆಗಳಲ್ಲಿ ಹಂದಿ ಬೆದರಿಸಲು ಎಲ್ಲ ಹೊಲದಲ್ಲೂ ಪಟಾಕಿ ಸಿಡಿಯುತ್ತವೆ. ಯಾವ ಸದ್ದು ಎಲ್ಲಿಂದ ಬಂತೆಂದು ಯಾರೂ ಎಣಿಸಿರಲಿಲ್ಲ. ಪೊಲೀಸಿನವನು ಬಂದು ಇಲ್ಲಿ ಬಂದೂಕು ಯಾರ ಹತ್ತಿರ ಇದೆ ಎಂದು ಕೇಳಿದಾಗ ತಂಗಿಯ ಗಂಡನೇ ನಡುವೆ ಬಾಯಿ ಹಾಕಿದ್ದ. "ನಮ್ಮ ಭಾವನದ್ದೊಂದೇ. ಅವರು ಸೀನಿದ್ರೂ ಬರೆದಿಡೋರು ಸ್ವಾಮಿ. ಗುಂಡು ಹಾರಿಸಿದ್ರೆ ನಿಮಗಿಂತ ಮೊದಲು ನನಗೆ ಓದಿ ಹೇಳಿರೋರು." ಎಲ್ಲರೂ ನಕ್ಕಿದ್ದರು. ಪೊಲೀಸಿನವನು ಬಂದೂಕಿನ ತೋಟೆಗಳ ಲೆಕ್ಕದ ಪುಸ್ತಕ ಕೇಳದೆ ಹೋದ.

ಪುಸ್ತಕದಲ್ಲಿ ಅದು ಇತ್ತು. ಸುಟ್ಟ ಪ್ರತಿ ತೋಟೆಗೂ ಲೆಕ್ಕ ಬರೆಯಬೇಕೆನ್ನುವುದು ಕಾನೂನು. ಪುಟಗಳಿಗೆ ಕಚೇರಿಯವರೇ ನಂಬರು ಒತ್ತಿ ಕೊಟ್ಟಿರುತ್ತಾರೆ. ಬೇರೆ ಯಾರಾದರೂ ಮರೆತವರಂತೆ ಸುಮ್ಮನಿರುತ್ತಿದ್ದರು. ಆ ಸಂಜೆ ಮನೆಗೆ ಬಂದು ಕೈ ತೊಳೆದ ದಫ್ತರ, ನಲವತ್ತು ವರ್ಷದ ರೂಢಿಯಂತೆ, ದೀಪದ ಕೆಳಗೆ ಕೂತು ಬರೆದುಬಿಟ್ಟಿದ್ದ. ಯಾವ ಪ್ರಾಣಿ, ಏನಾಯಿತು ಎನ್ನುವ ಅಂಕಣಕ್ಕೆ ಬಂದಾಗ ಮಾತ್ರ ಪೆನ್ನು ನಿಂತಿತ್ತು. ಆಮೇಲೆ ಅದನ್ನೂ ತುಂಬಿದ್ದ.

ಬಂದೂಕನ್ನು ಕ್ಯಾನ್ವಾಸು ಚೀಲಕ್ಕೆ ಹಾಕಿ, ಉಳಿದ ತೋಟೆಗಳ ಡಬ್ಬಿಯನ್ನೂ ಪುಸ್ತಕವನ್ನೂ ಬೇರೆ ಚೀಲಕ್ಕೆ ಹಾಕಿ ಹೊರಬಂದ. ಕಚೇರಿಗೆ ಹೋಗುವಾಗ ಬಂದೂಕು ಅವನ ಬೆನ್ನ ಮೇಲಿರಬೇಕು, ಬರುವಾಗ ಭಾವನ ಬೆನ್ನ ಮೇಲೆ. ಕಾಗದ ಯಾರ ಹೆಸರಲ್ಲಿದೆಯೋ ಅವರೇ ಹೊರಬೇಕು. ದಾರಿಯುದ್ದಕ್ಕೂ ಭಾವ ಮಾತಾಡಿದ. ಇನ್ನು ಮೇಲೆ ಕಳ್ಳ ಬೇಟೆಗಾರರು ಇತ್ತ ತಲೆಹಾಕಿ ಮಲಗುವುದೂ ಇಲ್ಲವೆಂದ. ನಿಮ್ಮ ತಂಗಿ ಇವತ್ತಿಗೂ ಆ ಕಡಸಿನ ಗಂಟೆಯನ್ನು ಕೊಟ್ಟಿಗೆಯ ಗೂಟದಿಂದ ಇಳಿಸಿಲ್ಲವೆಂದ. ಹಿಂದೆ ಕೂತವನು ಹೂಂಗುಟ್ಟಿದ.

ಕಚೇರಿಯಲ್ಲಿ ಫೈಲುಗಳ ಗೋಡೆಯ ಹಿಂದೆ ಗುಮಾಸ್ತೆಯೊಬ್ಬಳು ಕೂತಿದ್ದಳು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದಳು.

"ಮಾರೋರು ಯಾರು, ಕೊಳ್ಳೋರು ಯಾರು? ಇಬ್ಬರ ಲೈಸೆನ್ಸೂ ಇಡಿ. ಬಂದೂಕು ಬಿಚ್ಚಿ ತೋರಿಸಿ. ಬಾಯಿ ಗೋಡೆ ಕಡೆ. ನನ್ನ ಕಡೆ ಅಲ್ಲ, ನನಗಿನ್ನೂ ಪಿಂಚಣಿ ಬಂದಿಲ್ಲ."

ನಳಿಗೆಯ ನಂಬರನ್ನು ಭೂತಗನ್ನಡಿ ಹಿಡಿದು ಓದಿ ಕಾಗದದ ನಂಬರಿಗೆ ತಾಳೆ ನೋಡಿದಳು. ತೋಟೆ ಎಣಿಸಿದಳು. ಆಮೇಲೆ ಪುಸ್ತಕ ತೆರೆದಳು. ಒಟ್ಟು ನೋಡಿ ಮುಚ್ಚುತ್ತಾಳೆಂದು ದಫ್ತರ ನಂಬಿಕೊಂಡು ಬಂದಿದ್ದ. ಅವಳು ಬೆರಳಿಟ್ಟು ಸಾಲು ಸಾಲೂ ಗಟ್ಟಿಯಾಗಿ ಓದತೊಡಗಿದಳು.

"ಇಪ್ಪತ್ತು ತೋಟೆ ಖರೀದಿ. ಒಂದು, ಹಂದಿ, ಸತ್ತಿತು. ಎರಡು, ಹಂದಿ, ಓಡಿತು. ಎಷ್ಟು ಚಂದ ಬರೆದಿದ್ದೀರಿ, ಇಂಥ ಪುಸ್ತಕ ನಾನು ನೋಡೇ ಇಲ್ಲ." ಅವಳ ಬೆರಳು ಇಳಿಯುತ್ತಾ ಹೋಯಿತು. "ಒಂಬತ್ತು. ಕಳೆದ ವರ್ಷ, ಹನ್ನೊಂದನೇ ತಿಂಗಳು, ಹದಿನೇಳನೇ ತಾರೀಖು, ಸಂಜೆ. ಕೆಳಗಿನ ಹೊಲದ ಬದು. ಹಂದಿ, ಓಡಿತು. ಉಳಿಕೆ ಹನ್ನೊಂದು. ಸರಿ ಇದೆ."

ಪುಸ್ತಕವನ್ನು ಪಕ್ಕಕ್ಕೆ ಸರಿಸಿ ಭಾವನ ಅರ್ಜಿಯನ್ನು ಎಳೆದುಕೊಂಡಳು. ಅದೇ ಧ್ವನಿಯಲ್ಲಿ, ನಡುನಡುವೆ ಅಕ್ಷರ ನುಂಗುತ್ತಾ ಅದನ್ನೂ ಓದಿದಳು. "ಬಂದೂಕು ಬೇಕಾದ ಕಾರಣ. ಹದಿನೇಳನೇ ತಾರೀಖು ಸಂಜೆಯಿಂದ ಕಾಣೆಯಾಗಿದ್ದ ನಮ್ಮ ಕಡಸು ಮಾರನೇ ದಿನ ಕೆಳಗಿನ ಹೊಲದ ಬದುವಿನಲ್ಲಿ ಗುಂಡೇಟಿನಿಂದ ಸತ್ತು... ಹೂಂ. ಬೆಳೆ ಮತ್ತು ಜಾನುವಾರು ರಕ್ಷಣೆ. ಇಲ್ಲಿ ಒಂದು ಸಹಿ, ಇಲ್ಲಿ ಒಂದು."

ಅವಳಿಗೆ ಏನೂ ಹೊಳೆದಿರಲಿಲ್ಲ. ಮೊಹರಿನ ಪ್ಯಾಡಿಗೆ ಶಾಯಿ ಹನಿಸುತ್ತಿದ್ದಳು.

ದಫ್ತರ ಸಹಿ ಹಾಕಿ ಪೆನ್ನನ್ನು ಭಾವನ ಕಡೆ ಸರಿಸಿದ. ಭಾವ ಪೆನ್ನು ತೆಗೆದುಕೊಂಡ, ಬರೆಯಲಿಲ್ಲ. ತೆರೆದೇ ಇದ್ದ ಪುಸ್ತಕದ ಒಂಬತ್ತನೇ ಸಾಲಿನ ಮೇಲೆ ಅವನ ಕಣ್ಣು ಕೂತಿತ್ತು. ದಫ್ತರ ಅವನ ಅಂಗಿಯ ತೋಳನ್ನು ನೋಡಿದ. ಇಸ್ತ್ರಿಯ ಮಡಿಕೆ ಇನ್ನೂ ಹಾಗೇ ಇತ್ತು.

"ಯಾಕೆ, ಮನಸ್ಸು ಬದಲಾಯ್ತಾ?" ಗುಮಾಸ್ತೆ ಕೇಳಿದಳು.

"ಇಲ್ಲಮ್ಮ," ಎಂದು ಭಾವ ಸಹಿ ಹಾಕಿದ.

ವಾಪಸು ಬರುವಾಗ ಬಂದೂಕು ಭಾವನ ಬೆನ್ನ ಮೇಲಿತ್ತು. ಹಿಂದೆ ಕೂತವನ ಎದೆಗೆ ಅದು ಅಡ್ಡವಾಗಿ ಒತ್ತುತ್ತಿತ್ತು. ಬೈಕು ಗುಂಡಿಗೆ ಇಳಿದಾಗಲೆಲ್ಲ ಕ್ಯಾನ್ವಾಸಿನೊಳಗಿನ ಕಬ್ಬಿಣ ಪಕ್ಕೆಲುಬಿಗೆ ತಾಗುತ್ತಿತ್ತು. ಅವನು ಸರಿದು ಕೂರಲಿಲ್ಲ. ಭಾವ ಹಾದಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ. ತಿರುಗಿ ಒಂದು ಏಟು ಹೊಡೆದಿದ್ದರೂ ಸರಿಯೆ.

ಕೆಳಗಿನ ಹೊಲದ ಹತ್ತಿರ ಭಾವ ಬೈಕು ನಿಲ್ಲಿಸಿದ. ಇಳಿಯಲಿಲ್ಲ, ತಿರುಗಲೂ ಇಲ್ಲ.

"ಓಡಿತು ಅಂತ ಬರೆದಿದ್ದೀರಿ."

"ಹೂಂ."

"ಪೊಲೀಸಿನವನ ಮುಂದೆ ನಿಮ್ಮ ಪರವಾಗಿ ನಾನು ಹಲ್ಲು ಕಿರಿದೆ ಭಾವ. ನೀವು ಪಕ್ಕದಲ್ಲೇ ನಿಂತಿದ್ರಿ."

ದಫ್ತರ ಹೊಲದ ಕಡೆ ನೋಡಿದ. ಕೊಯ್ದ ಹೊಲದಲ್ಲಿ ಬರೀ ಕೂಳೆಗಳಿದ್ದವು; ಈಗ ಬದು ಇಲ್ಲಿಂದಲೇ ಸ್ಪಷ್ಟವಾಗಿ ಕಾಣುತ್ತಿತ್ತು, ಪ್ರತಿ ಕಲ್ಲೂ.

"ಅವಳಿಗೆ ನಾನು ಹೇಳಲ್ಲ," ಎಂದ ಭಾವ. "ಹೇಳೋದಾದ್ರೆ ನೀವೇ ಹೇಳಿ. ಹೇಳದೇ ಇದ್ರೂ ನಿಮ್ಮಿಷ್ಟ. ಆದ್ರೆ ನಾಳೆಯಿಂದ ನಾನು ಅವಳೆದುರು ಕೂತು ಹೇಗೆ ಉಣ್ಣಲಿ, ಅದನ್ನೂ ಬರೆದುಕೊಡಿ."

ಬೈಕು ಮತ್ತೆ ಹೊರಟಿತು. ದಫ್ತರನ ಮನೆಯ ತಿರುವು ಬಂತು. ಅವನು ಭಾವನ ಭುಜ ಮುಟ್ಟಿ, ನೇರಕ್ಕೆ ಹೋಗಿ ಎಂದ.

ತಂಗಿ ಜಗಲಿಯಲ್ಲಿ ಕೂತು ಮೊರದಲ್ಲಿ ಜೋಳ ಕೇರುತ್ತಿದ್ದಳು. ಅಣ್ಣನನ್ನು ಕಂಡು ಮೊರ ಇಳಿಸಿ ಒಳಗೆ ಹೋಗಿ ಒಂದು ಲೋಟ ನೀರು ತಂದಳು. ಇನ್ನೊಂದು ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಹಣದ ಕಟ್ಟು. ಎರಡನ್ನೂ ಅವನ ಪಕ್ಕ ಇಟ್ಟು, ಕಟ್ಟಿನ ಮೇಲೆ ಗಾಳಿಗೆ ಹಾರದಂತೆ ಒಂದು ತೆನೆ ಹೇರಿದಳು.

"ಮಾತಾಡಿದಷ್ಟೇ ಇದೆ, ಎಣಿಸಿಕೋ. ದಫ್ತರದಲ್ಲಿ ಬರೆಯೋ ಮುಂಚೆ ನೋಡಿಕೊಳ್ಳಪ್ಪ, ಆಮೇಲೆ ನನ್ನ ಮೇಲೆ ಬರಬೇಡ." ನಕ್ಕಳು. ಗಂಡ ಗೋಡೆಗೆ ಒರಗಿಸಿದ ಚೀಲದ ಕಡೆ ನೋಡಿ ನಗು ನಿಲ್ಲಿಸಿದಳು. "ನನಗೆ ಇದನ್ನ ಕಂಡ್ರೆ ಮೈ ಜುಂ ಅನ್ನತ್ತೆ. ಅಣ್ಣ, ಇದರಿಂದ ಹಂದಿ ಬಿಟ್ಟು ಬೇರೆ ಏನಾದ್ರೂ ಸತ್ತಿದ್ಯಾ?"

ಭಾವ ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಸರಿಯಾಗೇ ಇದ್ದ ಚೈನನ್ನು ಮುಟ್ಟಿ ನೋಡುತ್ತಿದ್ದ. ಬಿಳಿ ತೋಳಿಗೆ ಗ್ರೀಸು ಹತ್ತಿತು.

"ಸತ್ತಿದೆ," ಎಂದ ದಫ್ತರ.

ಅವಳು ಅವನತ್ತ ತಿರುಗಿದಳು.

"ಆ ಹದಿನೇಳನೇ ತಾರೀಖು. ಬದೂನಲ್ಲಿ ಏನೋ ಅಲ್ಲಾಡ್ತು. ಕತ್ತಲಾಗಿರಲಿಲ್ಲ ಕಣಮ್ಮ. ನೋಡಿದ್ರೆ ಕಾಣ್ತಿತ್ತು. ನಾನು ನೋಡಲಿಲ್ಲ. ನೋಡದೇ ಹೊಡೆದೆ."

ಕೊಟ್ಟಿಗೆಯ ಕಡೆ ಅವಳ ಮುಖ ತಿರುಗಿತು, ಅಲ್ಲೇ ನಿಂತಿತು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಎಲ್ಲೋ ಇಟ್ಟು ಮರೆತದ್ದನ್ನು ಹುಡುಕುವವಳಂತೆ ಕೇಳಿದಳು.

"ಅದನ್ನ ಹೂಳೋಕೆ ಗುಂಡಿ ನೀನೇ ತೋಡಿದ್ಯಲ್ಲೋ ಅಣ್ಣ."

"ಹೂಂ."

"ಬಿಸಿಲು ಅಂತ ನಾನು ನೀರು ತಂದುಕೊಟ್ಟೆ. ಕುಡಿದೆ ನೀನು."

"ಕುಡಿದೆ."

ಅವಳು ಮೊರ ಎತ್ತಿಕೊಂಡು ಅವನಿಗೆ ಸ್ವಲ್ಪ ಓರೆಯಾಗಿ ಕೂತು ಕೇರತೊಡಗಿದಳು. ಕಾಳು ಎದ್ದು ಬೀಳುತ್ತಿತ್ತು. ಹೊಟ್ಟು ಗಾಳಿಗೆ ತೇಲಿಬಂದು ಅವನ ಮೊಣಕಾಲ ಮೇಲೆ, ತೆನೆ ಹೇರಿದ್ದ ಕಟ್ಟಿನ ಮೇಲೆ ಕೂರುತ್ತಿತ್ತು. ಕಟ್ಟಿನ ಕಡೆ ಅವನ ಕೈ ಹೋಗಲಿಲ್ಲ; ಒಯ್ಯಿ ಎಂದು ಅವಳೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನಡುವೆ ಲೋಟವಿತ್ತು. ತುಂಬಿದ ನೀರಿನ ಮೇಲೆ ಒಂದೊಂದೇ ಹೊಟ್ಟು ಬಂದು ಇಳಿಯುತ್ತಾ, ತುಸು ತಿರುಗಿ, ಅಂಚಿಗೆ ಹೋಗಿ ನಿಲ್ಲುತ್ತಿತ್ತು.