ಹುಲಿಯಪ್ಪನ ಶೆಡ್ಡಿನ ಸರಪಳಿ

ಅತ್ತಿಗೆ ಅಷ್ಟು ಸಲೀಸಾಗಿ ಮಾತಾಡಿಸಿದಾಗಲೇ ಯತೀಶನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. "ಎಂಜಿನ್ ಬದಲಾಯಿಸೋ ದಿನ ಗಂಡಸು ಅಂತ ಒಬ್ಬ ಜೊತೆಗಿರ್ಲಿ ಮಾರಾಯಾ, ಶಿಕಾರಿಪುರಕ್ಕೆ ಬಾ" ಅಂದಿದ್ದಳು ರೋಜಾ. ಗಂಡಸು ಅನ್ನೋ ಮಾತಿಗೇ ಉಬ್ಬಿಹೋಗಿ, ಇಸ್ತ್ರಿ ಅಂಗಿ ತೊಟ್ಟು ಬಸ್ಸು ಹತ್ತಿದ್ದ.

ರೋಜಾ ಈ ದಿನಕ್ಕೆ ನಾಲ್ಕು ತಿಂಗಳಿಂದ ಕಾದಿದ್ದಳು. ಕುಪ್ಪಗಡ್ಡೆಯಲ್ಲಿ ಅವಳ ಹಳೇ ಕೆಂಪು ಕಾರು ಅಂದರೆ ಹೆಂಗಸರ ಗಾಡಿ. ಹೆರಿಗೆಗಿರಲಿ, ಸೊರಬದ ಸಂತೆಗಿರಲಿ, ಬಾಡಿಗೆಗೆ ಕರೆದವರನ್ನೆಲ್ಲ ಕೂರಿಸಿಕೊಂಡು ತಾನೇ ಓಡಿಸುವವಳು. ಆ ಕಾರನ್ನು ಮೈದುನ ಯತೀಶ ಹೆಣ್ಣು ನೋಡಲು ಬಳ್ಳಿಗಾವಿಗೆ ಒಯ್ದ; ವಾಪಸ್ಸು ಬಂದದ್ದು ಟ್ರ್ಯಾಕ್ಟರ್ ಹಿಂದೆ ಹಗ್ಗ ಕಟ್ಟಿಕೊಂಡು. ಒಡೆದ ಪೈಪು, ತೊಟ್ಟು ನೀರಿಲ್ಲದ ರೇಡಿಯೇಟರ್ ನೋಡಿದ ಕೂಡಲೇ ರೋಜಾಗೆ ನಡೆದದ್ದು ಗೊತ್ತಾಯಿತು. ಇವನು ಮಾತ್ರ ಊರ ತುಂಬ ಹೇಳಿಕೊಂಡು ಬಂದ: "ಹೆಂಗಸ್ರು ಓಡಿಸಿದ ಗಾಡಿ, ಮೊದ್ಲೇ ಹಾಳಾಗಿತ್ತು. ನನ್ನ ಕೈಯಲ್ಲಿ ಜೀವ ಬಿಡ್ತು, ಅಷ್ಟೇ."

ಊರು ನಂಬಿತು. ಹೆಂಗಸರು ಬಸ್ಸಿಗೆ ಹೊರಳಿದರು. ಒಬ್ಬಳಂತೂ "ಬ್ರೇಕಾದ್ರೂ ಸರಿ ಇತ್ತೇನೇ ರೋಜಾ?" ಅಂದಳು. ಆ ಮಾತು ಎದೆಯಲ್ಲಿ ಕೆಂಡದ ಹಾಗೆ ಕೂತಿತ್ತು. ಗಾಡಿ ಹಾಳು ಮಾಡಿದವನು ತಾನು ಅಂತ ಅವನ ಬಾಯಲ್ಲೇ ಬರಬೇಕು, ನಾಲ್ಕು ಜನರ ಮುಂದೆ ಬರಬೇಕು. ಅಲ್ಲಿವರೆಗೆ ಅವಳಿಗೆ ನಿದ್ದೆಯಿಲ್ಲ.

ಎರಡು ಟಗರು ಮಾರಿ ಶಿಕಾರಿಪುರದ ಮೆಕ್ಯಾನಿಕ್ ಹುಲಿಯಪ್ಪನ ಹತ್ತಿರ ಹೋದಳು. ಅವನು ಅದೇ ಮಾದರಿಯ ಒಂದು ಎಂಜಿನ್ ಹುಡುಕಿಟ್ಟಿದ್ದ. "ಲಾರಿ ಹಿಂದಿನಿಂದ ಗುದ್ದಿದ ಗಾಡೀದ್ರೀ. ಎಂಜಿನ್ನಿಗೆ ಒಂದು ಗೀರೂ ಬಿದ್ದಿಲ್ಲ. ನಿಮ್ಮ ಡೈನಮೋ, ಕಾರ್ಬೊರೇಟರ್ ಚಲೋ ಅದಾವು, ಅವನ್ನೇ ಹಾಕ್ತೀನಿ. ಪೈಪು, ಬೆಲ್ಟು ಮಾತ್ರ ಹೊಸಾವು ಬೇಕು."

ಆವತ್ತೇ ಅವನ ಶೆಡ್ಡಿನ ಕಟ್ಟಳೆಯೂ ತಿಳಿಯಿತು. ಸತ್ತ ಎಂಜಿನ್ ಮೇಲೆತ್ತುವಾಗ ರಾಟೆಯ ಸರಪಳಿಯ ಮೊದಲ ಎಳೆತ ಅದನ್ನು ಕೊಂದವನದ್ದೇ. ಹೇಗೆ ಕೊಂದೆ ಅಂತ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಹೊಸದಾಗಿ ಕೂರಿಸಿದ್ದೂ ಬಾಳುವುದಿಲ್ಲ ಅಂತ ಹುಲಿಯಪ್ಪನ ನಂಬಿಕೆ. ಶಿಕಾರಿಪುರದ ಡ್ರೈವರುಗಳಿಗೆಲ್ಲ ಇದು ಗೊತ್ತು. ಯತೀಶನಿಗೆ ಗೊತ್ತಿರಲಿಲ್ಲ. ರೋಜಾ ಹೇಳಲೂ ಇಲ್ಲ.

ಬೆಳಿಗ್ಗೆ ಶೆಡ್ಡಿನಲ್ಲಿ ಏಳೆಂಟು ಟ್ಯಾಕ್ಸಿ ಡ್ರೈವರುಗಳು ಚಹಾ ಕುಡಿಯುತ್ತ ಕೂತಿದ್ದರು. ಬೋಲ್ಟುಗಳೆಲ್ಲ ಬಿಚ್ಚಿಯಾಗಿತ್ತು.

"ಸರಪಳಿ ಯಾರು ಎಳೀತೀರ್ರೀ?" ಅಂದ ಹುಲಿಯಪ್ಪ.

ರೋಜಾ ಸೆರಗು ಸರಿಮಾಡಿಕೊಳ್ಳುತ್ತ ನಿಂತಳು.

"ನಾನಿದೀನಲ್ಲ!" ಯತೀಶ ಅಂಗಿಯ ತೋಳು ಮಡಚಿದ. "ಹೆಂಗಸ್ರ ಕೈಲಿ ಆಗೋ ಕೆಲಸವಾ ಇದು?" ಎರಡು ಕೈಯಲ್ಲೂ ಹಿಡಿದು ಜಗ್ಗಿದ. ಎಂಜಿನ್ ಗೇಣುದ್ದ ಮೇಲೆದ್ದಿತು.

"ಓಹೋ, ಇವರೇ ಏನ್ರೀ!" ಅಂದ ಒಬ್ಬ ಡ್ರೈವರ್. "ಹ್ಯಾಂಗ್ ಕೊಂದ್ರಿ ಸಾಹೇಬ್ರ?"

"ಯಾರನ್ನ?"

"ಎಂಜಿನ್ನ್ರೀ! ಇಲ್ಲಿ ಕೊಂದೋರೇ ಎಳೆಯೋದು."

ಯತೀಶ ಸರಪಳಿಯಿಂದ ಕೈ ತೆಗೆದ. "ನಾನಲ್ಲ. ಇದು ಅತ್ತಿಗೆ ಓಡಿಸಿ ಓಡಿಸಿ..."

ಹುಲಿಯಪ್ಪ ಮೊದಲೇ ಬಿಚ್ಚಿಟ್ಟಿದ್ದ ಎಂಜಿನ್ ಹೆಡ್ಡು, ಅಂದರೆ ಅದರ ಮೇಲಿನ ಮುಚ್ಚಳ, ತಂದು ಅದರ ಮೇಲೆ ಉಕ್ಕಿನ ಪಟ್ಟಿ ಇಟ್ಟ. ನಡುವೆ ಬೆಳಕು ತೂರಿತು. "ನೋಡ್ರಿ, ಸೊಟ್ಟ ಆಗೇತಿ. ಇದು ಸವೆದದ್ದಲ್ಲ, ನೀರಿಲ್ದ ಒಂದೇ ದಿನ ಸುಟ್ಟಿದ್ದು. ಆವತ್ತು ಸ್ಟೇರಿಂಗ್ ಯಾರ ಕೈಯಾಗಿತ್ತು?"

ಯತೀಶ ಸುತ್ತ ನೋಡಿದ. ಎಲ್ಲರ ಕಣ್ಣೂ ಅವನ ಮೇಲಿತ್ತು. "ಬಿಸಿ ತೋರಿಸೋ ಮುಳ್ಳು ಕೆಂಪಿಗೆ ಹೋಗಿತ್ತು," ಅಂದ ಸಣ್ಣಗೆ. "ದಾರೀಲಿ ಹತ್ತಿಸ್ಕೊಂಡಿದ್ದೆ, ಹೆಣ್ಣಿನ ಅಪ್ಪ ಪಕ್ಕದಲ್ಲೇ ಕೂತಿದ್ರು. ನಿಲ್ಸಿದ್ರೆ ಮರ್ಯಾದೆ ಹೋಗ್ತದೆ ಅಂತ..."

"ಎಷ್ಟು ದೂರ ಓಡಿಸಿದ್ರಿ?" ಅಂದ ಹುಲಿಯಪ್ಪ.

"ಎಂಟು ಕಿಲೋಮೀಟರು."

"ಅಯ್ಯಯ್ಯಪ್ಪಾ! ಹೆಣ್ಣಾದ್ರೂ ಸಿಕ್ತೇನ್ರೀ?" ಅಂದ ಇನ್ನೊಬ್ಬ ಡ್ರೈವರ್.

"ಇಲ್ಲ."

ಶೆಡ್ಡು ನಗೆಯಲ್ಲಿ ನಡುಗಿತು. ರೋಜಾ ನಗಲಿಲ್ಲ. "ಹಿಂದೆ ಕೂತೋರಿಗೆ ಕೇಳಿಲ್ಲ ಯತೀಶ. ಇನ್ನೊಂದ್ಸಲ, ಗಟ್ಟಿಯಾಗಿ" ಅಂದಳು. ಅವನು ಹೇಳಿದ. ಹಸಿದವರು ಊಟ ಮಾಡುವ ಹಾಗೆ ಅವಳು ಒಂದೊಂದೇ ಮಾತನ್ನು ಕೇಳಿಸಿಕೊಂಡಳು.

ಸಂಜೆ ನಾಲ್ಕಕ್ಕೆ ಬದಲಿ ಎಂಜಿನ್ ಮೂರನೇ ಸಲಕ್ಕೆ ಕೆಮ್ಮಿ, ಆಮೇಲೆ ತಣ್ಣಗೆ ಗುನುಗತೊಡಗಿತು. ಊರಿಗೆ ಹೊರಟ ದಾರಿಯುದ್ದಕ್ಕೂ ರೋಜಾಳ ಕಣ್ಣು ಆ ಬಿಸಿ ಮುಳ್ಳಿನ ಮೇಲೇ ಇತ್ತು.

"ಅತ್ತಿಗೆ, ಆಗಿದ್ದಾಯ್ತು," ಅಂದ ಯತೀಶ. "ಊರಲ್ಲಿ ಎಂತದೂ ಹೇಳೂದು ಬ್ಯಾಡ."

"ನಾನೆಂತಕ್ಕೆ ಹೇಳ್ಲಿ? ನಾನು ಹೇಳಿದ್ರೆ ಯಾರು ನಂಬ್ತಾರೆ?"

ಅವನು ಉಸಿರು ಬಿಟ್ಟು ಸೀಟಿಗೊರಗಿದ.

ಕುಪ್ಪಗಡ್ಡೆಗೆ ಬಂದಾಗ ಕಾರು ಮನೆಯ ಕಡೆ ತಿರುಗಲಿಲ್ಲ. ಹಾಲಿನ ಡೈರಿಯ ಮುಂದೆ ನಿಂತಿತು. ಕ್ಯಾನು ಹಿಡಿದ ಹೆಂಗಸರು ಸಾಲಾಗಿ ನಿಂತಿದ್ದರು. ರೋಜಾ ಉದ್ದಕ್ಕೆ ಹಾರ್ನ್ ಒತ್ತಿದಳು. ಸಾಲಿಗೆ ಸಾಲೇ ತಿರುಗಿ ನೋಡಿತು.

"ಇಳಿ. ಎಂಟು ಕಿಲೋಮೀಟರೂ ಬಿಡದ ಹಾಗೆ ಹೇಳು. ಇಲ್ದಿದ್ರೆ ನಾಳೆ ಆ ಟ್ಯಾಕ್ಸಿಯವರನ್ನೇ ತುಂಬ್ಕೊಂಡು ಬರ್ತೀನಿ. ಅವರು ನಿನಗಿಂತ ಚೆಂದ ಹೇಳ್ತಾರೆ."

"ಅತ್ತಿಗೆ, ಕೈ ಮುಗೀತೀನಿ..."

"ಮುಗಿ. ಇಳಿದು ಮುಗಿ."

ಮುಂದೆ ನಿಂತಿದ್ದ ವರದಮ್ಮ ಕ್ಯಾನು ಕೆಳಗಿಟ್ಟು ಬಂದಳು. "ಗಾಡಿ ಸರಿಯಾಯ್ತೇನೇ ರೋಜಾ? ಎಂತ ಆಗಿತ್ತಂತೆ?"

"ನನ್ನ ಕೇಳ್ಬೇಡ ವರದಕ್ಕಾ. ಆವತ್ತಿನ ಡ್ರೈವರ್ ಇಲ್ಲೇ ಇದಾನೆ."

ಯತೀಶ ಬಾಗಿಲು ತೆಗೆದು ಇಳಿದ. ರೋಜಾ ಕೀಲಿ ತಿರುಗಿಸಿ ಎಂಜಿನ್ ಆಫ್ ಮಾಡಿದಳು; ಅವನ ಒಂದು ಮಾತೂ ಸದ್ದಿನಲ್ಲಿ ಕಳೆದುಹೋಗಬಾರದು.