ಬೋಳುತಲೆಯವರು

ಪುರಸಭೆಯ ಬಾಲ್ಕನಿಯಿಂದ ಎವಾರಿಸ್ತೊ ಓದುತ್ತಿದ್ದ. ಕೆಳಗೆ ಚೌಕದಲ್ಲಿ ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ವಲ್ದೆಸೋತೊದಲ್ಲಿ ಹಬ್ಬ ಶುರುವಾಗುವುದೇ ಇಂಥ ಭಾಷಣದಿಂದ. ಊರಿನ ಚರಿತ್ರೆ ಬರೆದವನೆಂದು ಈ ಸಲದ ಸರದಿ ಅವನಿಗೆ ಸಿಕ್ಕಿತ್ತು. ವಿಷಯಕ್ಕೆ ಮನೆತನಗಳ ಅಡ್ಡಹೆಸರುಗಳನ್ನೇ ಆರಿಸಿಕೊಂಡಿದ್ದ. ಅಡ್ಡಹೆಸರಿಲ್ಲದವನು ಅಲ್ಲಿ ಊರಿನವನೇ ಅಲ್ಲ. ಅಂಚೆಯವನೂ ಅದನ್ನೇ ಕೇಳುತ್ತಾನೆ.

"ಇನ್ನು ಬೋಳುತಲೆಯವರು! ಆ ಮನೆ ಪೆತ್ರಾಗೆ ಜ್ವರ ಬಂದು ಕೂದಲೆಲ್ಲ ಉದುರಿತ್ತಂತೆ. ಜ್ವರ ಹೋಯ್ತು, ಹೆಸರು ಉಳೀತು!"

ಮತ್ತೆ ನಗು. ಮುಂದಿನ ಸಾಲಿನಲ್ಲಿದ್ದ ಪೆತ್ರಾಳ ಮಗಳು ಬೆನಿಗ್ನಾ ಮಾತ್ರ ನಗಲಿಲ್ಲ. ಎಪ್ಪತ್ತು ದಾಟಿದವಳು.

ಜ್ವರದ ಕಥೆ ಎವಾರಿಸ್ತೊ ಹುಟ್ಟಿಸಿದ್ದಲ್ಲ, ಊರೇ ಸೇರಿ ಹೊಸೆದದ್ದು. ಆದರೆ ನಿಜ ಅವನಿಗೆ ಗೊತ್ತಿತ್ತು. ಅಂತರ್ಯುದ್ಧ ಮುಗಿದಾಗ ಗೆದ್ದವರು ಸೋತವರ ಹೆಂಗಸರನ್ನು ಇದೇ ಚೌಕದಲ್ಲಿ ಕೂರಿಸಿ ತಲೆ ಬೋಳಿಸಿದ್ದರು. ಊರಿಗಿದ್ದದ್ದು ಒಬ್ಬನೇ ಕ್ಷೌರಿಕ, ಎವಾರಿಸ್ತೊನ ಅಪ್ಪ.

ಇಳಿದು ಬಂದವನನ್ನು ಬೆನಿಗ್ನಾ ಕೋಲು ಅಡ್ಡ ಹಿಡಿದು ನಿಲ್ಲಿಸಿದಳು.

"ಏನೋ, ಜ್ವರಾನಾ?"

"ಹಬ್ಬದ ದಿನ ಅದೆಲ್ಲ ಯಾಕೆ ಅಂತ... ನಿಮ್ಮ ಮರ್ಯಾದೆ ಉಳೀಲಿ ಅಂತಾನೇ, ಅತ್ತೆ..."

"ನಮ್ ಮರ್ಯಾದೆ ನೀನೇನೂ ಕಾಯ್ಬೇಡ. ಅವತ್ತು ನಿಮ್ಮಪ್ಪನ ಕೈ ನಡುಗಿ ಅಮ್ಮನ ಕಿವಿ ಕುಯ್ದುಹೋಗಿತ್ತು. 'ಕ್ಷಮಿಸು ಪೆತ್ರಾ' ಅಂತ ಪಿಸುಗುಟ್ಟಿದ್ನಂತೆ. ಅಷ್ಟಾದ್ರೂ ಅಂದ. ನೀನು ಜನಾನ ನಗಿಸ್ದೆ."

ಭೂಮಿ ಬಾಯ್ಬಿಡಬಾರದೇ ಎನ್ನಿಸಿತು ಎವಾರಿಸ್ತೊಗೆ. ಸತ್ತ ಅಪ್ಪನ ಹೆಸರು ಉಳಿಸಹೋಗಿ ಬದುಕಿರುವವಳನ್ನು ನಗೆಪಾಟಲು ಮಾಡಿದ್ದ.

ಪುರಸಭೆಯ ನೆಲಮಹಡಿಯಲ್ಲೇ ಊರಿನ ಮ್ಯೂಸಿಯಂ. ಅಲ್ಲಿಗೆ ಹೋದ. ಗಾಜಿನ ಪೆಟ್ಟಿಗೆಯಲ್ಲಿ ಕೂದಲು ಕತ್ತರಿಸುವ ಅಪ್ಪನ ಮಿಷನ್ನು. ಪಕ್ಕದ ಚೀಟಿಯಲ್ಲಿ ಎವಾರಿಸ್ತೊನದೇ ಮುದ್ದಾದ ಅಕ್ಷರ: 'ಊರಿನ ಗಂಡಸರಿಗೆ ನಲವತ್ತು ವರ್ಷ ಕ್ಷೌರ ಮಾಡಿದ್ದು.' ಚೀಟಿ ತೆಗೆದು ಅದರ ಕೆಳಗೆ ಬರೆದ: 'ಪೆತ್ರಾಳ ತಲೆ ಬೋಳಿಸಿದ್ದೂ ಇದರಿಂದಲೇ. ಬೋಳಿಸಿದವನು ನನ್ನಪ್ಪ. ಜ್ವರ ಸುಳ್ಳು.'

ತಂದು ಬೆನಿಗ್ನಾಳ ಕೈಗಿತ್ತ. ಅವಳು ಓದಿ, ಮಡಿಸದೆ ವಾಪಸು ಕೊಟ್ಟಳು.

"ನಂಗ್ಯಾಕೆ ಕೊಡ್ತೀಯ? ನಂಗೆ ಗೊತ್ತಿಲ್ವಾ?" ಎಂದು ಕೋಲೆತ್ತಿ ಬಾಲ್ಕನಿ ತೋರಿಸಿದಳು. "ಅಲ್ಲಿಂದ ಓದು."

ಎವಾರಿಸ್ತೊ ಮೆಟ್ಟಿಲು ಹತ್ತಿದ. ಅವನನ್ನು ಕಂಡು ಹಬ್ಬದ ವಾದ್ಯದವರು ನುಡಿಸುವುದನ್ನು ನಿಲ್ಲಿಸಿದರು. ಇನ್ನೊಂದು ತಮಾಷೆ ಬರುತ್ತದೆಂದು ಜನ ಆಗಲೇ ನಗುಮುಖ ಮಾಡಿ ನಿಂತರು. ಮೈಕಿನಲ್ಲಿ ಮೊದಲು ಕೇಳಿಸಿದ್ದು, ಅವನ ಕೈಯಲ್ಲಿ ಚೀಟಿ ನಡುಗುವ ಸದ್ದು.