ಇನ್ನೂರಾ ಒಂದು ರೊಟ್ಟಿ, ಕಲ್ಲಿನ ಲಾರಿಯ ಪಾಟಾ

ಇಳಕಲ್ಲಿನ ಈರಪ್ಪನಿಗೆ ಬಾಗಲಕೋಟೆಯ ಹರಾಜಿನಲ್ಲಿ ಒಂದು ಹಳೆಯ ಜೀಪು ಸಿಕ್ಕಿತು. ಅದನ್ನು ಮನೆಯ ಮುಂದೆ ತಂದು ನಿಲ್ಲಿಸಿ, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದ ಸಪ್ಪಳಕ್ಕೆ ಎಡಗಡೆಯ ದೀಪ ಉದುರಿ ಬಿತ್ತು. ನೋಡಲು ಬಂದಿದ್ದ ಓಣಿಯವರು ನಗು ತಡೆದುಕೊಂಡು ಕೊಬ್ಬರಿ ಸಕ್ಕರೆ ಇಸಿದುಕೊಂಡು ಹೋದರು.

ಈರಪ್ಪ ಕಲ್ಲಿನ ವ್ಯಾಪಾರಿ. ಕಣಿಯಿಂದ ಕೆಂಪು ಕಲ್ಲಿನ ದಿಮ್ಮಿಗಳನ್ನು ಎಬ್ಬಿಸಿ ಲಾರಿಗೆ ಹೇರಿಸಿ ಕಳಿಸುವುದು ಅವನ ಕಸುಬು. ಆದರೆ ಜೀಪು ಕೊಂಡದ್ದು ರೊಟ್ಟಿಯ ಸಲುವಾಗಿ.

ಹೋದ ವರ್ಷ ಪಂಚಮಿಗೆ ಅವನು ಮಗಳು ನೀಲಾಳ ಗಂಡನ ಮನೆಗೆ ರೊಟ್ಟಿಯ ಬುತ್ತಿ ಒಯ್ದಿದ್ದ. ಆ ಮನೆ ಪಟ್ಟದಕಲ್ಲಿನ ಆಚೆ, ಹೊಳೆದಂಡೆಯ ಹೊಲದಲ್ಲಿ. ಬುಟ್ಟಿ ಮೊದಲು ಬಸ್ಸಿನ ಟಪ್ಪಿನ ಮೇಲೆ ಕುಳಿತು, ಆಮೇಲೆ ಎತ್ತಿನ ಚಕ್ಕಡಿಯಲ್ಲಿ ಕುಣಿದು ಹೋಗಿ ಮುಟ್ಟಿತು. ಹೆಂಡತಿ ಸುಂದರವ್ವ ಎರಡು ದಿನ ಒಲೆಯ ಮುಂದೆ ಕುಳಿತು ಬಡಿದಿದ್ದ ರೊಟ್ಟಿಗಳು. ಹಪ್ಪಳದಷ್ಟು ತೆಳ್ಳಗೆ, ಬೆರಳಲ್ಲಿ ಬಾರಿಸಿದರೆ ಟಣ್ ಎನ್ನುವ ಖಡಕ್ ರೊಟ್ಟಿಗಳು. ಬೀಗತಿ ಗುರುಲಿಂಗವ್ವ ಬುಟ್ಟಿಯ ಬಾಯಿ ಬಿಚ್ಚಿ ನೋಡಿದಳು. ಕಾಳು ಕೇರುವ ಮರ ತರಿಸಿ ಅದರಲ್ಲಿ ಸುರುವಿಕೊಂಡಳು. ಆಮೇಲೆ ನೆರೆಮನೆಯ ಹೆಂಗಸರನ್ನೆಲ್ಲ ಕೂಗಿ ಕರೆದಳು.

“ಬರ್ರೆವ್ವಾ, ಬಂದು ನೋಡ್ರಿ. ನಮ್ಮ ಬೀಗ್ರು ಜ್ವಾಳದ ಅವಲಕ್ಕಿ ತಂದಾರ!”

ಆ ಮಾತು ಈರಪ್ಪನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು. ಈಗ ನೀಲಾಳಿಗೆ ಏಳು ತಿಂಗಳು. ಬಸುರಿಯ ಉಡಿ ತುಂಬುವ ಕುಬಸ ಮಾಡಲು ಇನ್ನೂರಾ ಒಂದು ರೊಟ್ಟಿಯ ಬುತ್ತಿ ಒಯ್ಯಬೇಕು. ಅಷ್ಟೂ ರೊಟ್ಟಿ ಇಡಿಯಾಗಿ ಮುಟ್ಟಬೇಕು. ಇಲ್ಲದಿದ್ದರೆ ತನ್ನ ರುಮಾಲನ್ನು ಆ ಮರದಲ್ಲೇ ಹಾಕಿ ಕೇರಬಹುದು ಎಂದುಕೊಂಡಿದ್ದ.

ಹುನಗುಂದದ ರಸ್ತೆಯ ಬೇವಿನ ಮರದಡಿ ಖಾದರಬಾಷಾನ ಗ್ಯಾರೇಜು. ಅವನು ಜೀಪಿನ ಅಡಿಗೆ ತೂರಿ, ಬಹಳ ಹೊತ್ತು ಏನನ್ನೋ ಬಡಿದು, ಮಣ್ಣು ಕೊಡವುತ್ತ ಹೊರಗೆ ಬಂದ.

“ಕಾಕಾ, ನಾಲ್ಕೂ ಶಾಕಪ್ ಸತ್ತಾವು. ಹಿಂದಿನ ಪಾಟಾ ಸವದು ಕಾಗದ ಆಗ್ಯಾವು. ಟಾಯರ್ ಅಂತೂ ಬೋಳ್ ತಲಿ ಇದ್ದಂಗ ಅದಾವ ನೋಡ್ರಿ.”

ಈರಪ್ಪ ರುಮಾಲನ್ನು ಕಿವಿಯವರೆಗೆ ಎಳೆದುಕೊಂಡ. “ಅದೆಲ್ಲಾ ಇರ್ಲಿ. ನನ್ನ ಕಡಿ ಒಂಬೈನೂರು ಐತಿ. ಅದರಾಗ ಗಾಡಿ ಹೂವಿನಂಗ ಹೋಗಬೇಕು.”

“ಒಂಬೈನೂರಾಗ ಹೂವು ಬರ್ತಾವ್ರಿ, ಗಾಡಿ ಬರಂಗಿಲ್ಲ.”

ಆದರೂ ಖಾದರಬಾಷಾ ಬೀಡಿ ಕಟ್ಟಿನ ಕಾಗದ ಬಿಡಿಸಿ, ಅದರ ಹಿಂದೆ ಒಂದು ಯಾದಿ ಬರೆದ. ಕುಲುಕು ತಡೆಯುವ ಶಾಕಪ್ಪು ಹಿಂದಿನವೆರಡು ಮಾತ್ರ ಹೊಸವು. ಟಾಯರು ನಾಲ್ಕೂ ರೀಸೋಲು ಮಾಡಿದವು, ಹಳೆಯ ಟಾಯರಿನ ಮೇಲೆ ಹೊಸ ರಬ್ಬರು ಕೂರಿಸಿದವು. ಒಂದೇ ಜಾತಿಯವು ನಾಲ್ಕು ಸಿಗಲಿಲ್ಲ. ಒಂದಕ್ಕೆ ಗುಂಡಿ ಗುಂಡಿ ಹಲ್ಲು, ಒಂದಕ್ಕೆ ಹಾವಿನಂಥ ಗೆರೆ, ಉಳಿದೆರಡಕ್ಕೆ ಏನೂ ತಿಳಿಯದಂಥ ಚಿತ್ತಾರ. ಜೀಪು ಹೋದ ಮೇಲೆ ಮಣ್ಣಿನಲ್ಲಿ ನೋಡಿದರೆ ಎಡಕ್ಕೊಂದು ಗಾಡಿ, ಬಲಕ್ಕೊಂದು ಗಾಡಿ ಜಗಳವಾಡುತ್ತ ಹೋದ ಹಾಗೆ ಕಾಣುತ್ತಿತ್ತು.

ಉಳಿದದ್ದು ಪಾಟಾ, ಗಾಡಿಯ ಭಾರ ಹೊತ್ತು ಬಾಗುವ, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಕಮಾನು ಪಟ್ಟಿಗಳು. ಯಾದಿಯಲ್ಲಿ ಅದರ ಮುಂದೆ ಬರೆಯಲು ದುಡ್ಡೇ ಉಳಿದಿರಲಿಲ್ಲ. ಈರಪ್ಪನ ತಲೆ ಓಡಿದ್ದು ಅಲ್ಲಿಯೇ.

“ಲೇ ಖಾದರ್, ಕಣಿಯಾಗ ನಮ್ಮ ಕಲ್ಲಿನ ಲಾರಿದು ಹಳೇ ಪಾಟಾ ಬಿದ್ದಾವಲ್ಲ. ಎಂಥಾ ದಿಮ್ಮಿ ಹೊತ್ತಾವು ಅವು! ಕಡದು ಇದಕ್ಕ ಕುಂದರಸು. ಫುಕಟ ಆತು.”

“ಕಾಕಾ, ಅವು ಲಾರಿವು ರೀ.”

“ಅದಕ್ಕ ಹೇಳಿದ್ದು. ಗಟ್ಟಿ ಇದ್ದದ್ದು ಛಲೋನೋ, ಮೆತ್ತಂದು ಛಲೋನೋ?”

ಕಲ್ಲಿನ ವ್ಯಾಪಾರಿಗೆ ಈ ಪ್ರಶ್ನೆಗೆ ಇನ್ನೊಂದು ಉತ್ತರ ಇರಬಹುದು ಎಂದು ಹೊಳೆಯುವುದು ಸಾಧ್ಯವಿರಲಿಲ್ಲ. ಖಾದರಬಾಷಾ ಆಕಾಶ ನೋಡಿದ. ನಾಲ್ಕು ದಿನ ಉಕ್ಕು ಕಡಿದು, ತೂತು ಕೊರೆದು, ಹಿಂದಿನ ಎರಡೂ ಬದಿಗೆ ಐದೈದು ಪಾಟಾ ಬಿಗಿದು ಕೊಟ್ಟ. ಜೀಪಿನ ಹಿಂಭಾಗ ಒಂದು ಗೇಣು ಮೇಲೆದ್ದು ನಿಂತಿತು. ಮುಂದಿನಿಂದ ನೋಡಿದರೆ ನೀರು ಕುಡಿಯಲು ಬಗ್ಗಿದ ಎಮ್ಮೆಯ ಹಾಗಿತ್ತು.

ಪರೀಕ್ಷೆಗೆ ಸುಂದರವ್ವನಿಂದ ಇಪ್ಪತ್ತೈದು ರೊಟ್ಟಿ ಇಸಿದುಕೊಂಡು, ಬುಟ್ಟಿಯಲ್ಲಿಟ್ಟು, ಈರಪ್ಪನೂ ಖಾದರಬಾಷಾನೂ ಕಣಿಯ ದಾರಿಯಲ್ಲಿ ಎರಡು ಮೈಲು ಹೋಗಿ ಬಂದರು. ಈರಪ್ಪ ಇಳಿದಾಗ ರುಮಾಲು ಕುತ್ತಿಗೆಯಲ್ಲಿತ್ತು. ಬುಟ್ಟಿ ಬಿಚ್ಚಿದರೆ ಇಡಿಯಾದದ್ದು ಒಂದೂ ಇರಲಿಲ್ಲ.

ಸುಂದರವ್ವ ಕೈಯಲ್ಲಿ ಒಂದು ಹಿಡಿ ಎತ್ತಿ ಬೆರಳ ಸಂದಿಯಿಂದ ಉದುರಿಸಿದಳು. “ಹಿಟ್ಟಿಂದ ರೊಟ್ಟಿ ಮಾಡಿ ಕೊಟ್ಟಿದ್ನಿ. ನೀವು ರೊಟ್ಟಿಯಿಂದ ಹಿಟ್ಟು ಮಾಡಿ ತಂದ್ರಿ. ಗಿರಣಿನರ ಇಡ್ರಿ, ನಾಕು ಮಂದಿಗೆ ಉಪಯೋಗ ಆಕ್ಕೈತಿ.”

ಖಾದರಬಾಷಾ ಮೆಲ್ಲಗೆ ಹೇಳಿದ. “ಕಾಕಾ, ಈ ಪಾಟಾ ಹತ್ತು ಟನ್ ಹೇರಿದ್ರ ಚಂದಂಗ ಬಾಗತಾವು. ನಿಮ್ಮ ರೊಟ್ಟಿ ಎಷ್ಟು ಟನ್ ಅದಾವು?”

“ಹಂಗಾದ್ರ ಎಲ್ಲಾರಕಿಂತ ಗಟ್ಟಿ ಗಾಡಿ ನಂದಽ ಆತಲ್ಲ,” ಎಂದ ಈರಪ್ಪ. ಪಾಟಾ ಬಿಚ್ಚಲು ಅವನ ಮನಸ್ಸು ಒಪ್ಪಲಿಲ್ಲ. ತನ್ನ ಬುದ್ಧಿಯಿಂದ ಹೊಳೆದದ್ದು, ಅದೂ ಫುಕಟಾಗಿ ಬಂದದ್ದು. ಅಂಥದ್ದನ್ನು ಯಾರಾದರೂ ಬಿಚ್ಚಿಸುತ್ತಾರೆಯೇ? ಬೇಕಾದರೆ ರೊಟ್ಟಿಯ ಕೆಳಗೆ ಹುಲ್ಲು ಹಾಸೋಣ ಎಂದ. ಹುಲ್ಲು ಹಾಸಿ ನೋಡಿದರು. ಹುಲ್ಲಿನ ತುಂಬ ರೊಟ್ಟಿಯ ಚೂರು ಬೆರೆತು, ಕೊನೆಗೆ ಎರಡನ್ನೂ ಎಮ್ಮೆಗೆ ಹಾಕಬೇಕಾಯಿತು. ಆ ವಾರ ಮನೆಯಲ್ಲಿ ಮೂರು ಹೊತ್ತೂ ಚೂರು ರೊಟ್ಟಿ, ಮಜ್ಜಿಗೆ. ಎಮ್ಮೆಯ ಹಾಲು ಮಾತ್ರ ಹೆಚ್ಚಿತು.

ಉಪಾಯ ಕಂಡದ್ದು ಸುಂದರವ್ವನಿಗೆ. ಅವಳು ತನ್ನ ಹಳೆಯ ಇಳಕಲ್ ಸೀರೆ ತಂದು, ಜೀಪಿನ ಟಪ್ಪಿನ ಕಬ್ಬಿಣದ ಸಳಿಗೆ ಎರಡೂ ತುದಿ ಬಿಗಿದು, ಕೂಸಿಗೆ ಕಟ್ಟುವಂಥ ಜೋಲಿ ಕಟ್ಟಿದಳು. ಅದರಲ್ಲಿ ರೊಟ್ಟಿಯ ಬುಟ್ಟಿ ಇಟ್ಟಳು.

“ಗಾಡಿ ಎಷ್ಟರ ಕುಣೀಲಿ. ಜೋಲ್ಯಾಗಿನ ಕೂಸಿಗೆ ಏನಾಕ್ಕೈತಿ?”

ಕಣಿಯ ದಾರಿಯಲ್ಲಿ ಮತ್ತೆ ಹೋಗಿ ಬಂದರು. ಇಪ್ಪತ್ತೈದಕ್ಕೆ ಇಪ್ಪತ್ತೈದು ಇಡಿಯಾಗಿದ್ದವು. ಈರಪ್ಪ ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿ, “ಹೇಳಿದ್ನಿಲ್ಲೋ, ಗಟ್ಟಿ ಪಾಟಾ ಅಂದ್ರ ಗಟ್ಟಿ ಪಾಟಾ,” ಎಂದ. ಸುಂದರವ್ವ ಖಾದರಬಾಷಾನ ಮುಖ ನೋಡಿದಳು. ಖಾದರಬಾಷಾ ಟಾಯರಿನ ಗಾಳಿ ನೋಡತೊಡಗಿದ.

ಕುಬಸದ ಸೋಮವಾರ ನಸುಕಿನಲ್ಲೇ ಹೊರಟರು. ಐದು ಸೀರೆ, ಐದು ಜೋಲಿ, ಇನ್ನೂರಾ ಒಂದು ರೊಟ್ಟಿ. ಜೋಲಿಗಳ ನಡುವೆ ಸುಂದರವ್ವ, ಮಡಿಲಲ್ಲಿ ಶೇಂಗಾ ಹಿಂಡಿಯ ಡಬ್ಬಿ. ಖಾದರಬಾಷಾನ ಕೈಯಲ್ಲಿ ಸ್ಟೇರಿಂಗು. ಪಕ್ಕದಲ್ಲಿ ಹೊಸ ಧೋತರ ಉಟ್ಟು ಈರಪ್ಪ. ಹುನಗುಂದ ದಾಟುವವರೆಗೆ ಡಾಂಬರಿನ ರಸ್ತೆ, ಮಾತಾಡಬಹುದಿತ್ತು. ಅಲ್ಲಿಂದ ಮುಂದೆ ಯಾರೂ ಬಾಯಿ ತೆರೆಯಲಿಲ್ಲ. ತೆರೆದರೆ ನಾಲಿಗೆ ಕಚ್ಚಿಕೊಳ್ಳುವ ಭಯ.

ಅಮೀನಗಡದಲ್ಲಿ ಚಹಾಕ್ಕೆ ನಿಂತಾಗ ಹೋಟೆಲ್ಲಿನ ಅಹ್ಮದಸಾಬ ಜೀಪಿನೊಳಗೆ ಇಣುಕಿದ. ತೂಗುತ್ತಿದ್ದ ಐದು ಜೋಲಿ ನೋಡಿ ಕೆಟಲಿ ಹಿಡಿದ ಕೈ ಹಾಗೇ ನಿಂತಿತು.

“ಯಾ ಅಲ್ಲಾ! ಐದಕ್ಕೈದೂ ಒಂದಽ ಹೆರಿಗ್ಯಾಗೇನ್ರಿ?”

“ಇನ್ನೂರಾ ಒಂದು,” ಎಂದ ಖಾದರಬಾಷಾ. “ಐದು ಜೋಲ್ಯಾಗ ಒತ್ತೊತ್ತಾಗಿ ಮಲಗ್ಯಾವು.”

ಬೀಗರ ಅಂಗಳಕ್ಕೆ ಜೀಪು ಬಂದು ನಿಂತಾಗ ಗುರುಲಿಂಗವ್ವ ಮರ ಹಿಡಿದುಕೊಂಡೇ ಕಟ್ಟೆಯ ಮೇಲೆ ಕುಳಿತಿದ್ದಳು. ಈರಪ್ಪ ರುಮಾಲು ಸರಿಮಾಡಿಕೊಂಡು ಕೆಳಗಿಳಿದ. ಜೋಲಿ ಬಿಚ್ಚಿ ಬುಟ್ಟಿ ಇಳಿಸಿದರು. ಗುರುಲಿಂಗವ್ವ ಒಂದೊಂದೇ ರೊಟ್ಟಿ ಎತ್ತಿ, ಅಂಚು ತಿರುವಿ, ಬೆರಳಲ್ಲಿ ಬಾರಿಸಿ, ಬಗಲಿಗೆ ಇಟ್ಟಳು. ಅಂಗಳದ ತುಂಬ ಟಣ್ ಟಣ್. ನೆರೆಮನೆಯವರೂ ಬಂದು ನಿಂತರು. ಇನ್ನೂರಾ ಒಂದನೆಯದೂ ಟಣ್ ಎಂದಾಗ ಅವಳು ಮರವನ್ನು ಗೋಡೆಗೆ ಆನಿಸಿಟ್ಟಳು.

“ಏನ್ ಮಾಡಿದ್ರಿ ಬೀಗ್ರ, ಗಾಡಿಗೆ?” ಎಂದು ಬೀಗ ದೇವಪ್ಪ ಕೇಳಿದ. ಅವನು ಮನೆಯಲ್ಲಿ ಹೆಚ್ಚು ಮಾತಾಡುವವನಲ್ಲ, ಅವಕಾಶವಿರಲಿಲ್ಲ.

“ಕಲ್ಲಿನ ಲಾರಿ ಪಾಟಾ ರೀ!” ಎಂದ ಈರಪ್ಪ, ಮೀಸೆಯ ಮೇಲೆ ಕೈಯಾಡಿಸಿ. “ನನ್ನ ತಲಿ.”

ಹಸಿರು ಬಳೆ ಇಡಿಸಿ, ಉಡಿ ತುಂಬಿ, ಕುಬಸ ಮುಗಿಯಿತು. ಹೋಳಿಗೆ ಉಂಡು ಈರಪ್ಪ ಎಲೆ ಅಡಿಕೆ ಹಾಕಿಕೊಂಡ. ಅವನ ಜೀವನದಲ್ಲಿ ಅಷ್ಟು ರುಚಿಯ ಎಲೆ ಅಡಿಕೆ ಇರಲಿಲ್ಲ. ಆಗ ನೀಲಾ ಟ್ರಂಕು ಹಿಡಿಸಿಕೊಂಡು ಹೊರಗೆ ಬಂದಳು. ಚೊಚ್ಚಲ ಬಾಣಂತನ ತವರಿನಲ್ಲಿ. ಕುಬಸ ಮುಗಿಸಿ ಅಂದೇ ಕರೆದೊಯ್ಯಬೇಕು. ಮರುದಿನ ಮಂಗಳವಾರ, ಅದರ ಮರುದಿನ ಅಮಾವಾಸ್ಯೆ, ಅದು ದಾಟಿದರೆ ಎಂಟನೆಯ ತಿಂಗಳು, ಕಳಿಸುವ ಹಾಗಿಲ್ಲ. ಇದೆಲ್ಲ ಈರಪ್ಪನಿಗೆ ಗೊತ್ತಿತ್ತು. ಎರಡು ತಿಂಗಳಿಂದ ಹಗಲೂ ರಾತ್ರಿ ಯೋಚಿಸಿದ ಆ ಪ್ರಯಾಣಕ್ಕೆ ತಿರುಗಿ ಬರುವ ದಾರಿಯೂ ಒಂದಿದೆ ಎಂಬುದು ಮಾತ್ರ ಅವನ ತಲೆಗೆ ಹೋಗಿರಲಿಲ್ಲ.

ನೀಲಾ ಜೀಪಿನ ಎತ್ತರ ನೋಡಿದಳು, ಜೋಲಿ ನೋಡಿದಳು, ಅಪ್ಪನ ಮುಖ ನೋಡಿದಳು. “ಅಪ್ಪಾ, ನಾನೂ ಜೋಲ್ಯಾಗ ಕುಂದರಬೇಕೇನು?”

ಈರಪ್ಪನ ಬಾಯಲ್ಲಿ ಎಲೆ ಅಡಿಕೆ ನಿಂತುಹೋಯಿತು.

“ತಡೀರಿ, ಮೊದಲ ನಾ ಕುಂತ್ ನೋಡ್ತೇನಿ,” ಎಂದು ಗುರುಲಿಂಗವ್ವ ಸೆರಗು ಬಿಗಿದು ಹಿಂದಿನ ಸೀಟು ಹತ್ತಿದಳು. ಖಾದರಬಾಷಾ ಹುಣಸೆ ಮರದವರೆಗೆ ಹೋಗಿ ತಿರುಗಿಸಿಕೊಂಡು ಬಂದ. ಅವಳು ಇಳಿದಾಗ ತುರುಬು ಬಿಚ್ಚಿತ್ತು, ಕುಂಕುಮ ಮೂಗಿಗೆ ಬಂದಿತ್ತು.

“ಬೀಗ್ರ,” ಎಂದಳು ಉಸಿರು ತೆಗೆದುಕೊಂಡು, “ನನ್ನ ಹೊಟ್ಯಾಗ ಹೋಳಿಗಿ ಬಿಟ್ರ ಏನೂ ಇಲ್ಲ. ಆದ್ರೂ ಹಡದಂಗಾತು. ಇದರಾಗ ನನ್ನ ಸೊಸೀನ ಕಳಸಂಗಿಲ್ಲ.”

ನೆರೆದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿದರು. ಈರಪ್ಪ ಒಮ್ಮೆ ಅವರತ್ತ ನೋಡಿದ, ಒಮ್ಮೆ ಟ್ರಂಕಿನ ಮೇಲೆ ಕುಳಿತ ನೀಲಾಳತ್ತ ನೋಡಿದ. ಎಲೆ ಅಡಿಕೆ ಉಗುಳಿದ. ಧೋತರದ ಕಚ್ಚೆ ಬಿಗಿದುಕೊಂಡು, “ಖಾದರ್, ನಟ್ಟು ಬಿಚ್ಚೂ ಪಾನಾ ತಗೀ,” ಎಂದು ಜೀಪಿನ ಅಡಿಗೆ ತಾನೇ ತೂರಿದ.

“ಕಾಕಾ, ಹೊಸಾ ಧೋತರ!”

“ತಗೀ ಅಂದ್ನೆಲ್ಲ!”

ಎರಡೂ ಬದಿಗೆ ಎರಡೆರಡು ಪಾಟಾ ಹೊರಬಂದವು. ಗುರುಲಿಂಗವ್ವ ಮತ್ತೆ ಹತ್ತಿ, ಹುಣಸೆ ಮರ ಮುಟ್ಟಿ ಬಂದಳು. “ಈಗ ಹಡಿಯೂದು ಇಲ್ಲ, ಬ್ಯಾನಿ ಅಷ್ಟಽ. ಇನ್ನೊಂದು ತಗೀರಿ.” ಇನ್ನೊಂದೊಂದು ತೆಗೆದರು. ಟಾಯರಿನ ಗಾಳಿಯನ್ನೂ ಸ್ವಲ್ಪ ಬಿಟ್ಟರು. ದೇವಪ್ಪ ಬಗ್ಗಿ ಬಗ್ಗಿ ಪಾನಾ ಕೊಡುತ್ತಿದ್ದ. ಮೂರನೆಯ ಸಲ ಗುರುಲಿಂಗವ್ವ ತುಂಬಿದ ನೀರಿನ ತಂಬಿಗೆ ಹಿಡಿದು ಹೋದಳು. ಬಂದಾಗ ಸೀರೆಗೆ ನಾಲ್ಕು ಹನಿ ಬಿದ್ದಿತ್ತು ಅಷ್ಟೆ. ಉಳಿದ ನೀರನ್ನು ಅಡಿಯಿಂದ ಹೊರಬಂದ ಈರಪ್ಪನ ಕೈಗೆ ತಾನೇ ಹನಿಸಿದಳು. ಧೋತರ ಗ್ರೀಸಿನಲ್ಲಿ ಕಪ್ಪಾಗಿತ್ತು, ಮೀಸೆಯೂ.

“ಆ ತಗದ ಪಾಟಾ ಇಲ್ಲೇ ಇರ್ಲಿ ಬೀಗ್ರ,” ಎಂದಳು. “ನೇಗಿಲ ಗುಳಕ್ಕ ಬರ್ತಾವು. ಫುಕಟ ಅಲ್ಲೇನ್ರಿ?”

ಈರಪ್ಪ ತಲೆಯಾಡಿಸಿದ. ಏನು ಕೇಳಿದ್ದರೂ ಆ ಹೊತ್ತಿಗೆ ಆಡಿಸುತ್ತಿದ್ದ.

ಕೌದಿಯ ಮೇಲೆ ಕೌದಿ ಹಾಸಿ ನೀಲಾಳನ್ನು ಕೂರಿಸಿದರು. ಜೀಪು ಹೊರಟಿತು. ಪ್ರತಿ ತಗ್ಗಿಗೂ ಈರಪ್ಪ ಕೆಳಗಿಳಿದು, ಕಾಲಿನಿಂದ ಅದರ ಆಳ ನೋಡಿ, “ಬಾ, ಬಾ, ಸಾವಕಾಶ ಬಾ” ಎಂದು ಕೈ ಮಾಡುತ್ತ ಮುಂದೆ ಮುಂದೆ ನಡೆದ. ಪಟ್ಟದಕಲ್ಲು ಬರುವಷ್ಟರಲ್ಲಿ ಎರಡು ಚಕ್ಕಡಿಗಳು ಅವರನ್ನು ಹಿಂದೆ ಹಾಕಿ ಹೋದವು. ಮೂರನೆಯದರಲ್ಲಿ ಕುಳಿತ ಮುದುಕ ಗಾಡಿ ಕೆಟ್ಟಿದೆ ಎಂದುಕೊಂಡು, ಹಗ್ಗ ಕಟ್ಟಿ ಎಳೆಯಲೇ ಎಂದು ಕೇಳಿದ.

ನೀಲಾ ಜೀಪಿನಿಂದ ತಲೆ ಹೊರಗೆ ಹಾಕಿದಳು. “ಅಪ್ಪಾ, ಒಂಚೂರು ಜೋರ್ ಹೊಡಸು. ಹಿಂಗಾದ್ರ ಹಾದ್ಯಾಗಽ ಹಡೀತೇನಿ ನೋಡು!”

“ಖಾದರ್,” ಎಂದ ಈರಪ್ಪ, ಹಿಂದೆ ತಿರುಗದೆ, ಮುಂದಿನ ತಗ್ಗನ್ನೇ ನೋಡುತ್ತ, “ಎರಡನೇ ಗೇರ್ ಹಾಕಿದಿ ಅಂದ್ರ ನೋಡು ಮತ್ತ.”